ಕ್ಯಾಮೆರಾದೊಳಗಿನ ಧೂಳು: ಒರೆಸುವ ಮೊದಲು ನೋಡೋಣ



ಹಬ್ಬದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಹಾಕಿ ಮನೆಮಂದಿಯೆಲ್ಲ ಕೂತು ನೋಡುವಾಗ ಒಮ್ಮೊಮ್ಮೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ದೇವಾಲಯದ ಗೋಪುರದ ಮೇಲಿನ ನೀಲಿ ಆಕಾಶದಲ್ಲಿ ಒಂದು ಮಸುಕಾದ ಬೂದು ಚುಕ್ಕೆ. ಹಕ್ಕಿ ಇರಬೇಕು ಎನ್ನುತ್ತಾರೆ ಒಬ್ಬರು. ಮುಂದಿನ ಚಿತ್ರದಲ್ಲಿ ಗೋಪುರವಿಲ್ಲ, ಮೆರವಣಿಗೆ ಇದೆ. ಆದರೆ ಚುಕ್ಕೆ ಅದೇ ಮೂಲೆಯಲ್ಲಿದೆ. ಅದರ ಮುಂದಿನದರಲ್ಲಿ ಪ್ರಥಮ ಪರಮಪ್ರಸಾದಕ್ಕೆ ಬಿಳಿ ಉಡುಪು ತೊಟ್ಟ ಮಗುವಿನ ಭುಜದ ಮೇಲೆ ಬಂದು ಕೂತಿದೆ. ಆಗ ಲೆನ್ಸನ್ನು ಒರೆಸುತ್ತೇವೆ. ಚುಕ್ಕೆ ಹೋಗುವುದಿಲ್ಲ. ಇನ್ನೂ ಗಟ್ಟಿಯಾಗಿ ಒರೆಸುತ್ತೇವೆ. ಆಗಲೂ ಹೋಗುವುದಿಲ್ಲ. ಏಕೆಂದರೆ ಕೊಳೆ ಇರುವುದು ಲೆನ್ಸಿನ ಮೇಲಲ್ಲ, ಕ್ಯಾಮೆರಾದ ಒಳಗಿನ ಸೆನ್ಸರಿನ ಮೇಲೆ.

ಈ ಧೂಳನ್ನು ಮನೆಯಲ್ಲೇ ತೆಗೆಯಬಹುದೇ? ಬಹುಪಾಲು ತೆಗೆಯಬಹುದು. ಆದರೆ ಧೂಳಿನಿಂದ ಕೆಟ್ಟುಹೋದ ಕ್ಯಾಮೆರಾಕ್ಕಿಂತ ಧೂಳು ತೆಗೆಯುವ ಆತುರದಲ್ಲಿ ಕೆಡುವ ಕ್ಯಾಮೆರಾದ ಭಯವೇ ದೊಡ್ಡದು. ಧೂಳು ಇಂದಲ್ಲ ನಾಳೆ ಹೋಗುತ್ತದೆ. ಗೀರು ಬಿದ್ದರೆ ಅದು ಹೋಗುವುದಿಲ್ಲ. ಆದ್ದರಿಂದ ಈ ತಿಂಗಳು ಮೆಟ್ಟಿಲು ಮೆಟ್ಟಿಲಾಗಿ ನೋಡೋಣ. ಯಾವ ಮೆಟ್ಟಿಲಿನಲ್ಲಿ ಕೆಲಸ ಆಯಿತೋ ಅಲ್ಲೇ ನಿಲ್ಲುವುದು ನಮ್ಮ ನಿಯಮವಾಗಿರಲಿ.

ಯಾರ ಕ್ಯಾಮೆರಾದ ತೊಂದರೆ ಇದು?

ಲೆನ್ಸನ್ನು ಬಿಚ್ಚಿ ಬೇರೆ ಲೆನ್ಸ್ ಹಾಕಬಹುದಾದ ಕ್ಯಾಮೆರಾಗಳಿಗೆ ಈ ಮಾತು ಮುಖ್ಯವಾಗಿ ಅನ್ವಯಿಸುತ್ತದೆ. 2003ರ ನಂತರ ಇಂತಹ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾಗಳು ಸಾಮಾನ್ಯ ಕುಟುಂಬಗಳ ಕೈಗೂ ಬಂದವು. ಗಲ್ಫಿನಿಂದ ರಜೆಗೆ ಬಂದವರು ತಂದದ್ದು, ಅಣ್ಣನ ಮದುವೆಗೆಂದು ಕೊಂಡದ್ದು, ಹೀಗೆ ಅನೇಕ ಮನೆಗಳ ಕಪಾಟಿನಲ್ಲಿ ಅವು ಇನ್ನೂ ಇವೆ. ಮೊಬೈಲ್ ಬಂದ ಮೇಲೆ ಮೂಲೆಗೆ ಸರಿದ ಆ ಕ್ಯಾಮೆರಾಗಳನ್ನು ಈಗ ಮನೆಯ ಮಕ್ಕಳು ಮತ್ತೆ ಕೈಗೆತ್ತಿಕೊಳ್ಳುತ್ತಿದ್ದಾರೆ. ಒಳ್ಳೆಯದೇ. ಈಗ ಹೊಸದಾಗಿ ಬರುವ, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೂ ಇದೇ ಮಾತು.

ಮೊಬೈಲಿನ ಚಿತ್ರ ಮಸುಕಾಗಿದ್ದರೆ ಅದು ಹೆಚ್ಚಾಗಿ ಹೊರಗಿನ ಗಾಜಿನ ಮೇಲಿನ ಬೆರಳ ಜಿಡ್ಡು; ಮೆತ್ತಗಿನ ಶುಭ್ರ ಬಟ್ಟೆಯಿಂದ ಒರೆಸಿದರೆ ಸಾಕು. ಲೆನ್ಸ್ ಮುಂದಕ್ಕೆ ಚಾಚಿ ಒಳಕ್ಕೆ ಹೋಗುವ ಚಿಕ್ಕ ಕ್ಯಾಮೆರಾದೊಳಗೆ ಧೂಳು ಸೇರಿದ್ದರೆ ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ. ಅದು ರಿಪೇರಿಯವರ ಕೆಲಸ.

ಎಲ್ಲ ಚಿತ್ರದಲ್ಲೂ ಅದೇ ಚುಕ್ಕೆ ಏಕೆ?

ಹಿಂದೆ ಫಿಲ್ಮ್ ರೋಲಿನ ಕಾಲದಲ್ಲಿ ಪ್ರತಿ ಚಿತ್ರಕ್ಕೂ ಹೊಸ ಫಿಲ್ಮ್ ತುಂಡು ಮುಂದೆ ಬರುತ್ತಿತ್ತು. ಒಂದರ ಮೇಲೆ ಧೂಳು ಕೂತರೆ ಅದು ಅದರೊಂದಿಗೇ ಸುತ್ತಿಕೊಂಡು ಹೋಗುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರ್ ಒಂದೇ, ಅದು ಸರಿಯುವುದಿಲ್ಲ. ಇಂದು ಕೂತ ಕಣ ನಾಳೆಯ ಚಿತ್ರದಲ್ಲೂ, ಮುಂದಿನ ತಿಂಗಳ ಮದುವೆಯ ನಾನೂರು ಚಿತ್ರಗಳಲ್ಲೂ ಅದೇ ಜಾಗದಲ್ಲಿ ಇರುತ್ತದೆ.

ಒಂದು ಲೆಕ್ಕ ನೋಡಿ. 2006ರಲ್ಲಿ ಬಂದ ಕ್ಯಾನನ್ 400ಡಿ ಕ್ಯಾಮೆರಾದ ಸೆನ್ಸರ್ 22.2 ಮಿ.ಮೀ. ಅಗಲ, 14.8 ಮಿ.ಮೀ. ಎತ್ತರ. ಅಂದರೆ ದೊಡ್ಡ ಅಂಚೆ ಚೀಟಿಯಷ್ಟೂ ಇಲ್ಲ. ಅಷ್ಟು ಜಾಗದಲ್ಲಿ ಅಡ್ಡಕ್ಕೆ 3888, ಉದ್ದಕ್ಕೆ 2592 ಬೆಳಕಿನ ಬಿಂದುಗಳು. ಒಂದೊಂದು ಬಿಂದು ಮಿಲಿಮೀಟರಿನ ಸಾವಿರದಲ್ಲಿ ಆರು ಭಾಗದಷ್ಟೂ ಇಲ್ಲ. ಸುಮಾರು 0.07 ಮಿ.ಮೀ. ದಪ್ಪದ ತಲೆಗೂದಲಿನ ಒಂದು ಚೂರು ಅಲ್ಲಿ ಬಿದ್ದರೆ ಹನ್ನೆರಡು ಬಿಂದುಗಳ ಅಗಲಕ್ಕೆ ಅಡ್ಡವಾಗುತ್ತದೆ. ಆ ಚಿತ್ರವನ್ನು 12 ಇಂಚು ಅಗಲಕ್ಕೆ ಮುದ್ರಿಸಿದರೆ ಸುಮಾರು ಹದಿನಾಲ್ಕು ಪಟ್ಟು ಹಿಗ್ಗಿ, ಒಂದು ಮಿಲಿಮೀಟರ್ ದಪ್ಪದ ಗೆರೆಯಾಗಿ ಕಾಣುತ್ತದೆ.

ಇಲ್ಲಿ ಇನ್ನೊಂದು ಸಂಗತಿ ತಿಳಿದಿರಬೇಕು. ಧೂಳು ನೇರವಾಗಿ ಸೆನ್ಸರಿನ ಮೇಲೆ ಕೂರುವುದಿಲ್ಲ. ಸೆನ್ಸರಿನ ಮುಂದೆ ತೆಳುವಾದ ಗಾಜಿನ ಫಿಲ್ಟರ್ ಇರುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ತಡೆಯುವುದು ಅದರ ಒಂದು ಕೆಲಸ. ನಾವು ಶುಚಿ ಮಾಡುವುದು ಆ ಗಾಜನ್ನು. ಇದು ಸ್ವಲ್ಪ ಧೈರ್ಯ ಕೊಡುವ ವಿಷಯ. ಆದರೆ ಆ ಗಾಜಿನ ಮೇಲೂ ಸೂಕ್ಷ್ಮ ಲೇಪನವಿದೆ, ಅದಕ್ಕೆ ಗೀರು ಬಿದ್ದರೆ ಚುಕ್ಕೆಯ ಬದಲು ಗೆರೆಯೇ ಶಾಶ್ವತವಾಗುತ್ತದೆ.

ಧೂಳು ಸೆನ್ಸರಿಗಿಂತ ಸ್ವಲ್ಪ ಮೇಲೆ ಇರುವುದರಿಂದಲೇ ಅದು ಎಲ್ಲ ಚಿತ್ರಗಳಲ್ಲೂ ಒಂದೇ ರೀತಿ ಕಾಣುವುದಿಲ್ಲ. ಲೆನ್ಸಿನ ಬಾಯಿಯನ್ನು, ಅಂದರೆ ಅಪರ್ಚರನ್ನು, ಎಫ್ 2.8ಕ್ಕೆ ಅಗಲವಾಗಿ ತೆರೆದಾಗ ಬೆಳಕು ಅಗಲವಾದ ಆಲಿಕೆಯಂತೆ ಬಂದು ಬೀಳುತ್ತದೆ. ಧೂಳು ಸೆನ್ಸರಿನಿಂದ ಒಂದು ಮಿಲಿಮೀಟರ್ ಮೇಲಿದೆ ಎಂದು ಇಟ್ಟುಕೊಂಡರೆ ಅಲ್ಲಿ ಆ ಆಲಿಕೆಯ ಅಗಲ ಸುಮಾರು 0.36 ಮಿ.ಮೀ. ಚಿಕ್ಕ ಕಣ ಅದರಲ್ಲಿ ನೂರಕ್ಕೆ ನಾಲ್ಕು ಭಾಗ ಬೆಳಕನ್ನು ಮಾತ್ರ ತಡೆದೀತು, ಕಣ್ಣಿಗೆ ಗೊತ್ತಾಗದು. ಅದೇ ಎಫ್ 22ಕ್ಕೆ ಕಿರಿದು ಮಾಡಿದರೆ ಆಲಿಕೆ 0.05 ಮಿ.ಮೀ.ಗಿಂತಲೂ ಸಣ್ಣದು. ಕಣವೇ ಬೆಳಕಿಗಿಂತ ದೊಡ್ಡದಾಗಿ ಕಪ್ಪು ನೆರಳು ಬೀಳುತ್ತದೆ. ಸಂಜೆಯ ಮಬ್ಬಿನಲ್ಲಿ ದೇವಾಲಯದೊಳಗೆ ತೆಗೆದ ಚಿತ್ರಗಳು ಶುಭ್ರವಾಗಿದ್ದು, ಬೇಕಲ ಕೋಟೆಯಲ್ಲಿ ಹಗಲು ಬಿಸಿಲಿಗೆ ತೆಗೆದವುಗಳಲ್ಲಿ ಮಾತ್ರ ಚುಕ್ಕೆ ಕಾಣುವ ಗುಟ್ಟು ಇದೇ. ಹಲಸಿನ ಮರದ ಎಲೆಗಳ ನಡುವೆ ಅಡಗುವ ಚುಕ್ಕೆ ಬೋಳು ಆಕಾಶದಲ್ಲಿ ಅಡಗಲಾರದು.

ಮೊದಲು ಪರೀಕ್ಷೆ

ಏನನ್ನೂ ಮುಟ್ಟುವ ಮೊದಲು ಒಂದು ಪರೀಕ್ಷಾ ಚಿತ್ರ ತೆಗೆಯಿರಿ. ಐಎಸ್‌ಒ ಅತಿ ಕಡಿಮೆ, ಅಂದರೆ 100 ಅಥವಾ 200. ಅಪರ್ಚರ್ ಎಫ್ 16 ಅಥವಾ ಎಫ್ 22. ಲೆನ್ಸನ್ನು ಕೈಯಿಂದ ತಿರುಗಿಸಿ ಬೇಕೆಂದೇ ಮಸುಕು ಮಾಡಿ. ಮೋಡವಿಲ್ಲದ ಆಕಾಶವನ್ನೋ ಬಿಳಿ ಗೋಡೆಯನ್ನೋ ತುಂಬಿಸಿ ಕ್ಲಿಕ್ ಮಾಡಿ. ಸೂರ್ಯನ ಕಡೆಗೆ ಹಿಡಿಯಬಾರದು. ಕ್ಲಿಕ್ ಆಗುವಾಗ ಕೈ ಸ್ವಲ್ಪ ಅಲುಗಾಡಿದರೂ ಚಿಂತೆಯಿಲ್ಲ. ಗೋಡೆಯ ಗುರುತುಗಳು ಅಳಿಸಿಹೋಗುತ್ತವೆ, ಸೆನ್ಸರಿನ ಧೂಳು ಮಾತ್ರ ಅಲ್ಲೇ ಉಳಿಯುತ್ತದೆ.

ಈಗ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಮೂಲೆಮೂಲೆ ನೋಡಿ. ಎಫ್ 22ರಲ್ಲಿ ಒಂದೆರಡು ಚುಕ್ಕೆ ಇಲ್ಲದ ಕ್ಯಾಮೆರಾ ಅಪರೂಪ. ನೀವು ಸಾಮಾನ್ಯವಾಗಿ ಎಫ್ 5.6ರಲ್ಲೋ ಎಫ್ 8ರಲ್ಲೋ ಚಿತ್ರ ತೆಗೆಯುವವರಾದರೆ ಅದೇ ಅಳತೆಯಲ್ಲಿ ಇನ್ನೊಂದು ಚಿತ್ರ ತೆಗೆದು ನೋಡಿ. ಅದರಲ್ಲಿ ಏನೂ ಕಾಣದಿದ್ದರೆ ಕ್ಯಾಮೆರಾವನ್ನು ಹಾಗೆಯೇ ಬಿಡಿ. ಕಾಣದ ಧೂಳನ್ನು ಹುಡುಕಿ ತೆಗೆಯಬೇಕಾಗಿಲ್ಲ.

ಚುಕ್ಕೆಗಳಿದ್ದರೆ ಅವುಗಳ ಜಾಗವನ್ನು ಒಂದು ಕಾಗದದಲ್ಲಿ ಗುರುತಿಸಿಕೊಳ್ಳಿ. ಲೆನ್ಸ್ ಚಿತ್ರವನ್ನು ಸೆನ್ಸರಿನ ಮೇಲೆ ತಲೆಕೆಳಗಾಗಿ ಬೀಳಿಸುತ್ತದೆ. ಆದ್ದರಿಂದ ಚಿತ್ರದ ಮೇಲ್ಭಾಗದ ಎಡ ಮೂಲೆಯಲ್ಲಿ ಚುಕ್ಕೆ ಇದ್ದರೆ, ಲೆನ್ಸ್ ತೆಗೆದು ಮುಂದಿನಿಂದ ನೋಡುವಾಗ ಧೂಳು ಕೆಳಭಾಗದ ಎಡ ಮೂಲೆಯಲ್ಲಿರುತ್ತದೆ. ಮೇಲು ಕೆಳಗು ಮಾತ್ರ ಅದಲುಬದಲು, ಎಡ ಬಲ ಹಾಗೆಯೇ.

ಒಂದನೆಯ ಮೆಟ್ಟಿಲು: ಕ್ಯಾಮೆರಾ ತಾನೇ ಕೊಡವಲಿ

2003ರಲ್ಲಿ ಬಂದ ಒಲಿಂಪಸ್ ಇ-1 ಎಂಬ ಕ್ಯಾಮೆರಾ ಸೆನ್ಸರಿನ ಮುಂದಿನ ಫಿಲ್ಟರನ್ನು ಅತಿವೇಗವಾಗಿ ಕಂಪಿಸಿ ಧೂಳನ್ನು ಕೊಡವುವ ವಿಧಾನವನ್ನು ತಂದಿತು. ಕ್ಯಾನನ್ 400ಡಿಯಲ್ಲೂ ಈ ಸೌಲಭ್ಯ ಇತ್ತು. ಉದುರಿದ ಧೂಳು ಮತ್ತೆ ಹಾರದಂತೆ ಹಿಡಿದಿಡಲು ಒಳಗೆ ಅಂಟುವ ಪಟ್ಟಿಯನ್ನೂ ಇಡುತ್ತಾರೆ. ನಂತರದ ವರ್ಷಗಳಲ್ಲಿ ಇದು ಹೆಚ್ಚಿನ ಕ್ಯಾಮೆರಾಗಳಿಗೆ ಬಂತು. ಆದರೆ 2006ರ ನಿಕಾನ್ ಡಿ40ಯಂತಹ, ಅನೇಕ ಮನೆಗಳಿಗೆ ಪ್ರಿಯವಾಗಿದ್ದ ಕ್ಯಾಮೆರಾದಲ್ಲಿ ಇದು ಇಲ್ಲ.

ನಿಮ್ಮದರಲ್ಲಿದ್ದರೆ ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಎಂಬುದನ್ನು ಹುಡುಕಿ. ಕ್ಯಾಮೆರಾವನ್ನು ಮೇಜಿನ ಮೇಲೆ ಅದರ ತಳ ಊರುವಂತೆ ನೇರವಾಗಿ ಇಟ್ಟು ಎರಡು ಮೂರು ಸಲ ನಡೆಸಿ. ಮತ್ತೆ ಪರೀಕ್ಷಾ ಚಿತ್ರ ತೆಗೆಯಿರಿ. ಒಣ ಧೂಳು ಕೆಲವೊಮ್ಮೆ ಇಷ್ಟಕ್ಕೇ ಬಿದ್ದುಹೋಗುತ್ತದೆ. ಹೋಗಿದ್ದರೆ ಇಲ್ಲಿಗೆ ಕೆಲಸ ಮುಗಿಯಿತು.

ಎರಡನೆಯ ಮೆಟ್ಟಿಲು: ಗಾಳಿ

ಕ್ಯಾಮೆರಾ ಅಂಗಡಿಗಳಲ್ಲಿ ರಬ್ಬರಿನ ಬ್ಲೋವರ್ ಸಿಗುತ್ತದೆ. ಒತ್ತಿದರೆ ಮೂತಿಯಿಂದ ರಭಸವಾಗಿ ಗಾಳಿ ಬರುವ ಬುರುಡೆ ಅದು. ಮನೆಯಲ್ಲಿ ಸ್ವಂತವಾಗಿ ಇಟ್ಟುಕೊಳ್ಳಬೇಕಾದ ಸಾಧನ ಇದೊಂದೇ ಎನ್ನಬಹುದು.

ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಹಾರಿದ ಧೂಳು ಕೆಳಗೆ ಕೂರಲು ಸ್ವಲ್ಪ ಹೊತ್ತು ಕೊಡಿ. ಕೈ ತೊಳೆದು ಒಣಗಿಸಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಹಾಕಿ. ಇದು ಬಹಳ ಮುಖ್ಯ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಸೆನ್ಸರಿನ ಮುಂದೆ ಶಟರ್, ಅದರ ಮುಂದೆ ಕನ್ನಡಿ ಇರುತ್ತವೆ. ಶುಚಿಗೊಳಿಸಲೆಂದೇ ಇರುವ ಮೆನುವನ್ನು ಆರಿಸಿದಾಗ ಕನ್ನಡಿ ಮೇಲೆದ್ದು ಶಟರ್ ತೆರೆದು ನಿಲ್ಲುತ್ತದೆ. ಮಧ್ಯದಲ್ಲಿ ಬ್ಯಾಟರಿ ಮುಗಿದರೆ ಎರಡೂ ಕೆಳಗೆ ಬೀಳುತ್ತವೆ. ಒಳಗೆ ಏನಾದರೂ ಇದ್ದರೆ ಶಟರಿನ ಎಲೆಗಳು ಮುರಿದಾವು. ಈ ಕಾರಣಕ್ಕೇ ಬ್ಯಾಟರಿ ಕಡಿಮೆಯಿದ್ದರೆ ಅನೇಕ ಕ್ಯಾಮೆರಾಗಳು ಆ ಮೆನುವನ್ನು ಕೊಡುವುದೇ ಇಲ್ಲ. ಮೆನು ಸಿಗಲಿಲ್ಲವೆಂದು ಬಲ್ಬ್ ಎಂಬ ಸ್ಥಾನಕ್ಕೆ ತಿರುಗಿಸಿ, ಗುಂಡಿ ಒತ್ತಿ ಹಿಡಿದು ಕೆಲಸ ಮಾಡಲು ಹೋಗಬೇಡಿ. ಬೆರಳು ಜಾರಿದರೆ ಶಟರ್ ಮುಚ್ಚಿಬಿಡುತ್ತದೆ.

ಲೆನ್ಸ್ ತೆಗೆದು ಕ್ಯಾಮೆರಾದ ಬಾಯಿಯನ್ನು ನೆಲದ ಕಡೆಗೆ ಹಿಡಿಯಿರಿ. ಬ್ಲೋವರನ್ನು ಮೊದಲು ಹೊರಗೆ ನಾಲ್ಕೈದು ಸಲ ಒತ್ತಿ ಅದರ ಒಳಗಿನ ಧೂಳು ಹೋಗಲಿ. ಆಮೇಲೆ ಮೂತಿಯನ್ನು ಕ್ಯಾಮೆರಾದ ಬಾಯಿಯ ಹತ್ತಿರ ಹಿಡಿದು, ಒಳಗೆ ತೂರಿಸದೆ, ಹತ್ತು ಹನ್ನೆರಡು ಸಲ ಬಲವಾಗಿ ಊದಿ. ಉದುರಿದ ಕಣ ಕೆಳಗೇ ಬೀಳಲಿ ಎಂದು ಬಾಯಿ ಕೆಳಗೆ ಮಾಡುವುದು. ಕ್ಯಾಮೆರಾವನ್ನು ಆಫ್ ಮಾಡಿದರೆ ಶಟರ್ ಮುಚ್ಚಿ ಕನ್ನಡಿ ಇಳಿಯುತ್ತದೆ. ಲೆನ್ಸ್ ಹಾಕಿ ಪರೀಕ್ಷಾ ಚಿತ್ರ ತೆಗೆಯಿರಿ. ಬಹುಪಾಲು ಮನೆಗಳ ಕೆಲಸ ಈ ಮೆಟ್ಟಿಲಿನಲ್ಲೇ ಮುಗಿಯುತ್ತದೆ.

ಗಾಳಿ ಎಂದ ಕೂಡಲೇ ಎಲ್ಲ ಗಾಳಿಯೂ ಒಂದೇ ಅಲ್ಲ. ಬಾಯಿಂದ ಊದಿದರೆ ಎಂಜಲಿನ ಸಣ್ಣ ಹನಿಗಳು ಹೋಗಿ ಕೂರುತ್ತವೆ. ಧೂಳಿಗಿಂತ ಅದು ಕಷ್ಟ. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿಯ ಜೊತೆ ದ್ರವವೂ ಚಿಮ್ಮಿ ಕಲೆಯಾದೀತು. ಟಯರ್ ಅಂಗಡಿಯ ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆ, ನೀರಿನ ಅಂಶ ಇರುತ್ತದೆ, ಒತ್ತಡವೂ ವಿಪರೀತ. ಈ ಮೂರೂ ಬೇಡ.

ಮೂರನೆಯ ಮೆಟ್ಟಿಲು: ಒದ್ದೆ ಮಾಡಿ ಒರೆಸುವುದು

ಗಾಳಿಗೆ ಜಗ್ಗದ ಚುಕ್ಕೆ ಎಂದರೆ ಹೂವಿನ ಪರಾಗ, ಒಣಗಿದ ಹನಿ ಅಥವಾ ಎಣ್ಣೆಯ ಕಲೆ ಇರಬಹುದು. ಎಣ್ಣೆ ಎಲ್ಲಿಂದ ಬಂತು ಎಂದು ಕೇಳಬಹುದು. ಧೂಳೆಲ್ಲ ಹೊರಗಿನಿಂದಲೇ ಬರುವುದಿಲ್ಲ. ಶಟರ್ ಪ್ರತಿ ಚಿತ್ರಕ್ಕೂ ಚಲಿಸುವ ಯಂತ್ರ, ಅದರ ಸವೆತದ ಕಣಗಳೂ ಎಣ್ಣೆಯೂ ಒಳಗೇ ಹಾರಬಹುದು. 2012ರಲ್ಲಿ ಬಂದ ನಿಕಾನ್ ಡಿ600 ಇದಕ್ಕೆ ಪ್ರಸಿದ್ಧ ಉದಾಹರಣೆ. ಹೊಸ ಕ್ಯಾಮೆರಾದ ಚಿತ್ರಗಳಲ್ಲೇ ಚುಕ್ಕೆಗಳು ತುಂಬಿಕೊಳ್ಳುತ್ತಿವೆ ಎಂದು ಬಳಸುವವರು ದೂರಿದರು. 2013ರ ಫೆಬ್ರವರಿಯಲ್ಲಿ ಕಂಪನಿ ಇದರ ಬಗ್ಗೆ ಸೂಚನೆ ಪ್ರಕಟಿಸಿತು, 2014ರಲ್ಲಿ ವಾರಂಟಿ ಮುಗಿದ ಕ್ಯಾಮೆರಾಗಳಿಗೂ ಉಚಿತವಾಗಿ ಶುಚಿ ಮಾಡಿ ಶಟರ್ ಭಾಗ ಬದಲಿಸಿಕೊಡಲು ಮುಂದಾಯಿತು. ಆದ್ದರಿಂದ ಚುಕ್ಕೆ ಕಂಡ ಕೂಡಲೇ ಮನೆಯ ಮಕ್ಕಳನ್ನು ಗದರಬೇಕಾಗಿಲ್ಲ.

ಈ ಮೆಟ್ಟಿಲಿಗೆ ಬಂದಾಗ ನಮ್ಮ ಮೊದಲ ಸಲಹೆ, ಸರ್ವಿಸ್ ಸೆಂಟರಿಗೆ ಕೊಡಿ ಎಂಬುದೇ. ತಯಾರಕರ ಕೈಪಿಡಿಗಳೂ ಸಾಮಾನ್ಯವಾಗಿ ಬ್ಲೋವರ್ ತನಕ ಮಾತ್ರ ಮನೆಯವರಿಗೆ ಬಿಡುತ್ತವೆ. ಕ್ಯಾಮೆರಾ ಇನ್ನೂ ವಾರಂಟಿಯಲ್ಲಿದ್ದರೆ ಬೇರೆ ಯೋಚನೆಯೇ ಬೇಡ. ಕೊಡುವಾಗ ಚುಕ್ಕೆ ಕಾಣುವ ಪರೀಕ್ಷಾ ಚಿತ್ರವನ್ನೂ ಜೊತೆಗೆ ಕೊಡಿ, ವಾಪಸು ಪಡೆಯುವಾಗ ಅಲ್ಲೇ ಇನ್ನೊಂದು ತೆಗೆದು ನೋಡಿ.

ಸ್ಟುಡಿಯೋ ಇಟ್ಟುಕೊಂಡವರು, ಹಳೆಯ ಕ್ಯಾಮೆರಾದಲ್ಲಿ ಕೈ ಪಳಗಿಸುವ ಯುವಕ ಯುವತಿಯರು ತಾವೇ ಮಾಡುವುದಾದರೆ ಕ್ರಮ ಹೀಗೆ. ಸೆನ್ಸರಿಗೆಂದೇ ಮಾಡಿದ, ನಿಮ್ಮ ಸೆನ್ಸರಿನ ಅಳತೆಯದೇ ಆದ ಸ್ವಾಬ್ ಎಂಬ ಚಪ್ಪಟೆ ತುದಿಯ ಕಡ್ಡಿ ಮತ್ತು ಅದರದೇ ದ್ರವ ಬೇಕು. ನಿಮ್ಮ ಮಾದರಿಯ ಕ್ಯಾಮೆರಾಕ್ಕೆ ಆ ದ್ರವ ಆಗುತ್ತದೆಯೇ ಎಂದು ಬಾಟಲಿಯ ಚೀಟಿಯಲ್ಲಿ ಓದಿ. ಮೊದಲು ಗಾಳಿ ಊದಲೇಬೇಕು. ಗಟ್ಟಿ ಕಣವನ್ನು ಹಾಗೆಯೇ ಬಿಟ್ಟು ಒರೆಸಿದರೆ ಅದೇ ಗೀರು ಎಳೆಯುತ್ತದೆ. ಸ್ವಾಬಿನ ತುದಿಗೆ ಒಂದೆರಡು ಹನಿ ಮಾತ್ರ ಹಾಕಿ, ತೊಟ್ಟಿಕ್ಕಬಾರದು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಗುರವಾಗಿ ಒಂದೇ ಎಳೆತ. ಸ್ವಾಬನ್ನು ಮಗುಚಿ, ಇನ್ನೊಂದು ಮುಖದಿಂದ ವಾಪಸು ಒಂದೇ ಎಳೆತ. ಅಷ್ಟೇ. ಆ ಸ್ವಾಬನ್ನು ಎಸೆಯಿರಿ. ಮತ್ತೆ ಬೇಕಾದರೆ ಹೊಸದು. ಹಿಂದೆ ಮುಂದೆ ಉಜ್ಜಬಾರದು.

ಕೈ ನಡುಗುವುದನ್ನು ಸರಿದೂಗಿಸಲು ಸೆನ್ಸರನ್ನೇ ಅಲುಗಾಡಿಸುವ ವ್ಯವಸ್ಥೆ ಇರುವ ಕ್ಯಾಮೆರಾಗಳಿವೆ. ಅವುಗಳಲ್ಲಿ ಸೆನ್ಸರ್ ತೇಲಿದಂತೆ ಇರುತ್ತದೆ, ಒತ್ತಿದರೆ ಆ ವ್ಯವಸ್ಥೆಗೇ ಪೆಟ್ಟು. ಅಂಥದ್ದಕ್ಕೆ ಕೈ ಹಾಕದಿರುವುದೇ ಲೇಸು.

ಮನೆಯಲ್ಲಿರುವ ವಸ್ತುಗಳನ್ನು ದಯವಿಟ್ಟು ಬಳಸಬೇಡಿ. ಕಿವಿಯ ಹತ್ತಿ ಕಡ್ಡಿ ನೂಲು ಬಿಡುತ್ತದೆ. ಕರವಸ್ತ್ರ ಎಷ್ಟು ಮೆತ್ತಗಿದ್ದರೂ ಅದರಲ್ಲಿ ಕಣಗಳಿವೆ. ಕನ್ನಡಕ ಒರೆಸುವ ದ್ರವ, ಗಾಯಕ್ಕೆ ಹಚ್ಚುವ ಸ್ಪಿರಿಟ್, ಅತ್ತರು, ಇವೆಲ್ಲ ಒಣಗಿದ ಮೇಲೆ ಕಲೆ ಉಳಿಸಬಹುದು. ಇನ್ನೊಂದು ಎಚ್ಚರ: ಸೆನ್ಸರ್ ದ್ರವಗಳಲ್ಲಿ ಕೆಲವು ಮೆಥನಾಲಿನಿಂದ ಮಾಡಿದವು. ಅದು ವಿಷ, ಬೇಗ ಬೆಂಕಿ ಹಿಡಿಯುವಂಥದ್ದು. ಮಕ್ಕಳ ಕೈಗೆ ಸಿಗದಂತೆ, ಅಡುಗೆಮನೆಯ ಒಲೆಯಿಂದ ದೂರ ಇಡಿ.

ಧೂಳು ಒಳಗೆ ಬಾರದಂತೆ

ನಮ್ಮ ಕಾಸರಗೋಡಿನ ಕಡೆ ಬೇಸಿಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು, ಕಡಲ ಬದಿಯಲ್ಲಿ ಮರಳು ಮತ್ತು ಉಪ್ಪಿನ ಗಾಳಿ. ಸೊಲ್ಲಾಪುರದ ಕಡೆಯ ಓದುಗರಿಗೆ ಎರೆಮಣ್ಣಿನ ಧೂಳು. ಎಲ್ಲಿದ್ದರೂ ಕೆಲವು ಅಭ್ಯಾಸಗಳು ಒಂದೇ.

ಲೆನ್ಸ್ ಬದಲಿಸುವಾಗ ಕ್ಯಾಮೆರಾವನ್ನು ಆಫ್ ಮಾಡಿ, ಗಾಳಿಗೆ ಬೆನ್ನು ಹಾಕಿ ನಿಂತು, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬದಲಿಸಿ. ಹಾಕಬೇಕಾದ ಲೆನ್ಸನ್ನು ಮೊದಲೇ ಸಿದ್ಧವಾಗಿ ಹಿಡಿದುಕೊಂಡರೆ ಬಾಯಿ ತೆರೆದಿರುವ ಹೊತ್ತು ಕಡಿಮೆಯಾಗುತ್ತದೆ. ಕಡಲ ದಂಡೆಯಲ್ಲಿ, ಮೆರವಣಿಗೆಯ ಮಧ್ಯದಲ್ಲಿ, ಪಟಾಕಿಯ ಹೊಗೆಯಲ್ಲಿ ಬದಲಿಸಲೇಬೇಡಿ. ಅಂದಿಗೆ ಬೇಕಾದ ಲೆನ್ಸನ್ನು ಮನೆಯಲ್ಲೇ ಹಾಕಿಕೊಂಡು ಹೊರಡಿ. ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಇನ್ನಷ್ಟು ಜಾಗ್ರತೆ ವಹಿಸಬೇಕು. ಅನೇಕ ಮಾದರಿಗಳಲ್ಲಿ ಲೆನ್ಸ್ ತೆಗೆದ ಕೂಡಲೇ ಸೆನ್ಸರ್ ನೇರವಾಗಿ ಗಾಳಿಗೆ ತೆರೆದಿರುತ್ತದೆ. 2018ರ ಕ್ಯಾನನ್ ಇಒಎಸ್ ಆರ್‌ನಂತಹ ಕೆಲವು ಕ್ಯಾಮೆರಾಗಳು ಮಾತ್ರ ಆಫ್ ಮಾಡಿದಾಗ ಶಟರನ್ನು ಮುಚ್ಚಿ ಕಾಪಾಡುತ್ತವೆ.

ಲೆನ್ಸಿನ ಹಿಂಬದಿಯ ಮುಚ್ಚಳ ಮತ್ತು ಕ್ಯಾಮೆರಾದ ಬಾಯಿಯ ಮುಚ್ಚಳವನ್ನು ಜೇಬಿಗೆ ಹಾಕಿಕೊಳ್ಳುವ ರೂಢಿ ಹಲವರಿಗಿದೆ. ಜೇಬಿನ ನೂಲಿನ ಧೂಳೆಲ್ಲ ಆ ದಾರಿಯಿಂದಲೇ ಒಳಗೆ ಹೋಗುವುದು. ಮುಚ್ಚಳ ಎರಡನ್ನೂ ಒಂದಕ್ಕೊಂದು ತಿರುಗಿಸಿ ಸೇರಿಸಿ ಇಟ್ಟರೆ ಒಳಭಾಗ ಶುಭ್ರವಾಗಿರುತ್ತದೆ. ಕ್ಯಾಮೆರಾ ಚೀಲವನ್ನು ತಿಂಗಳಿಗೊಮ್ಮೆ ಖಾಲಿ ಮಾಡಿ ಕೊಡವಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಚೀಲದಲ್ಲೇ ಬಿಟ್ಟರೆ ಧೂಳಿನ ಜೊತೆ ಲೆನ್ಸಿಗೆ ಬೂಷ್ಟೂ ಹಿಡಿದೀತು.

ಈಗಾಗಲೇ ತೆಗೆದ ಚಿತ್ರಗಳಿಗೆ?

ಮದುವೆ, ನಾಮಕರಣ, ಮನೆಯ ಹಿರಿಯರು ಎಲ್ಲರ ಜೊತೆ ಕೂತ ಕೊನೆಯ ಚಿತ್ರ, ಇವನ್ನು ಮತ್ತೆ ತೆಗೆಯಲಾಗದು. ಅದರಲ್ಲಿ ಚುಕ್ಕೆ ಇದೆಯೆಂದು ಅಳಿಸಿಬಿಡಬೇಡಿ. ಚುಕ್ಕೆ ಒಂದೇ ಜಾಗದಲ್ಲಿರುವುದು ಇಲ್ಲಿ ಅನುಕೂಲವೇ ಆಗುತ್ತದೆ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಚುಕ್ಕೆಯ ಪಕ್ಕದ ಬಣ್ಣವನ್ನೇ ತೆಗೆದು ಅದರ ಮೇಲೆ ಹಚ್ಚಬಹುದು. ಲೈಟ್‌ರೂಮ್ ಬಳಸುವವರು ಒಂದು ಚಿತ್ರದಲ್ಲಿ ಮಾಡಿದ ತಿದ್ದುಪಡಿಯನ್ನು ಉಳಿದವಕ್ಕೂ ಒಟ್ಟಿಗೆ ಅನ್ವಯಿಸಬಹುದು. ಆಕಾಶದ ಮೇಲಿನ ಚುಕ್ಕೆಗೆ ಇದು ಸುಲಭ. ಮುಖದ ಮೇಲೆ, ಬಟ್ಟೆಯ ಕಸೂತಿಯ ಮೇಲೆ ಬಂದಿದ್ದರೆ ಒಂದೊಂದಾಗಿ ತಾಳ್ಮೆಯಿಂದ ಮಾಡಬೇಕು. ತಿದ್ದುವುದು ಯಾವಾಗಲೂ ಪ್ರತಿಯ ಮೇಲೆ. ಮೂಲ ಚಿತ್ರ ಹಾಗೆಯೇ ಇರಲಿ.

ಕೊನೆಯದಾಗಿ ಒಂದು ಮಾತು. ಶುಚಿ ಮಾಡುವ ಕೆಲಸವನ್ನು ಹಬ್ಬದ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಆತುರದ ಕೈ ಹಗುರವಾಗಿರುವುದಿಲ್ಲ, ಏನಾದರೂ ಆದರೆ ಮರುದಿನಕ್ಕೆ ಕ್ಯಾಮೆರಾವೇ ಇರುವುದಿಲ್ಲ. ಹತ್ತು ಹದಿನೈದು ದಿನ ಮೊದಲೇ ಬಿಳಿ ಗೋಡೆಯ ಒಂದು ಚಿತ್ರ ತೆಗೆದು ನೋಡಿ. ಬ್ಲೋವರಿಗೆ ಹೋಗುವುದಾದರೆ ಹೋಗಲಿ. ಹೋಗದಿದ್ದರೆ ಸರ್ವಿಸ್ ಸೆಂಟರಿಗೆ ಕಳುಹಿಸಿ ತರಿಸಿಕೊಳ್ಳಲು ನಿಮಗೆ ಸಮಯವಿರುತ್ತದೆ. ಅದೂ ಆಗದಿದ್ದರೆ ಅಪರ್ಚರನ್ನು ಎಫ್ 5.6ರ ಆಸುಪಾಸಿನಲ್ಲಿ ಇಟ್ಟು ಚಿತ್ರ ತೆಗೆಯಿರಿ. ಚುಕ್ಕೆ ಬಹಳಷ್ಟು ಮಾಸುತ್ತದೆ, ಉಳಿದದ್ದನ್ನು ಕಂಪ್ಯೂಟರಿನಲ್ಲಿ ತಿದ್ದಿಕೊಳ್ಳೋಣ.